ಜುರೇಮಾಳ ಹೊಲಿಗೆ ಯಂತ್ರ

"ದೋನಾ ಕಾರ್ಮೆಲಿತಾ, ನನ್ನ ಹೊಲಿಗೆ ಮಷಿನ್ ಹೋಯ್ತು! ಆ ವಲ್ದೀರನೇ ಕದ್ದಿರೋದು!"

ವಸತಿಗೃಹದ ಅಡುಗೆಯವನಾದ ನಾನು, ಮೇಜಿನ ಮುಂದೆ ಕೂತಿದ್ದ ಕಾರ್ಮೆಲಿತಾ ಅವರಿಗೆ ಕಾಫಿ ಸೋಸುತ್ತಿದ್ದೆ. ಜುರೇಮಾ ಅಳುತ್ತಲೇ ಅಡುಗೆಮನೆಗೆ ನುಗ್ಗಿದಳು. ಸಾವೊ ಪೌಲೊದ ಬ್ರಾಸ್ ಪೇಟೆಯಲ್ಲಿರುವ ನಮ್ಮ ವಸತಿಗೃಹಕ್ಕೆ ದೂರದ ರೆಸಿಫೆಯಿಂದ ಖರೀದಿಗೆ ಬಂದಿದ್ದವಳು. ಗಾರ್ಮೆಂಟ್ಸ್ ಕೆಲಸ ಬಿಟ್ಟು, ಆ ಒಂದು ಯಂತ್ರವನ್ನೇ ನಂಬಿಕೊಂಡು ಸ್ವಂತ ಹೊಲಿಗೆ ಶುರು ಮಾಡಲು ಹೊರಟಿದ್ದಳು. ಮಧ್ಯಾಹ್ನಕ್ಕೆ ಅವಳ ಬಸ್ಸಿತ್ತು.

ನಾವೆಲ್ಲ ದೋನಾ, ಅಂದರೆ ಅಮ್ಮಾವ್ರು, ಅನ್ನುವ ಕಾರ್ಮೆಲಿತಾ ಇಪ್ಪತ್ತು ವರ್ಷದಿಂದ ನಮ್ಮ ಆರನೇ ಕೋಣೆಯಲ್ಲೇ ಇದ್ದವರು. ಬಟ್ಟೆಗೆ ಯಾವ ಬೀದಿ, ಗುಂಡಿಗೆ ಯಾವ ಅಂಗಡಿ, ಎಲ್ಲಿ ಟೋಪಿ ಹಾಕುತ್ತಾರೆ, ಎಲ್ಲ ಅವರ ನಾಲಿಗೆ ತುದಿಯಲ್ಲಿತ್ತು. ಕಳ್ಳರನ್ನು ಹಿಡಿಯುವುದು ಅವರ ಇನ್ನೊಂದು ಚಟ.

"ನಾನು ಹೇಳಿದ ಅಂಗಡೀಲೇ ತಗೊಂಡ್ಯಾ? ರೆಸಿಫೆಗೆ ಅಂತ ಹೇಳಿದ್ಯಾ?"

"ಹೂನಮ್ಮಾ. ಓಡ್ಸಿ ತೋರ್ಸಿದ ಮೇಲೇ ಕೊಟ್ರು. ಉಗ್ರಾಣದಲ್ಲಿ ಇಟ್ಟಿದ್ದೆ. ಬೀಗದಕೈ ಈ ವಲ್ದೀರನ ಹತ್ರ ತಾನೇ ಇರೋದು?"

ಗದ್ದಲ ಕೇಳಿ ಬಾಗಿಲಿಗೆ ಬಂದಿದ್ದ ಕಾವಲುಗಾರ ವಲ್ದೀರನ ಮುಖ ಬಿಳಿಚಿಕೊಂಡಿತು. "ದೇವರಾಣೆ ನಾನಲ್ಲ! ಬೀಗದಕೈ ಮೊಳೆಗೆ ನೇತಾಕಿರ್ತೀನಿ, ಯಾರು ಬೇಕಾದ್ರೂ ತಗೋಬಹುದು."

ಎಲ್ಲ ಕಳ್ಳರೂ ಹೀಗೇ ಅನ್ನುತ್ತಾರೆ ಅಂತ ಮನಸ್ಸಲ್ಲೇ ಅಂದುಕೊಂಡೆ ನಾನು.

ಕಾರ್ಮೆಲಿತಾ ನನ್ನನ್ನು ಕರೆದುಕೊಂಡು ಒಂದೊಂದೇ ಕೋಣೆ ನೋಡಿದರು. ದರ್ಜಿ ಓಲಾವೊನ ಕೋಣೆಯಲ್ಲಿ ಅಂಥದ್ದೇ ಹೊಸ ಯಂತ್ರವಿತ್ತು. ಹಿಂಬದಿಯ ಕಂಪನಿ ಚೀಟಿ ಮಾತ್ರ ಕಿತ್ತುಹೋಗಿತ್ತು.

"ಇದು ನಂದು. ಇಲ್ಲೇ ನನ್ನ ಅಂಗಡಿಗೆ ಅಂತ ನಿನ್ನೆ ಕೊಂಡೆ. ಇಂಥವು ಪೇಟೇಲಿ ನೂರಾರು ಸಿಗ್ತವೆ," ಎಂದ ಓಲಾವೊ.

"ಓಡ್ಸಿ ನೋಡಿ ತಂದ್ಯಾ?"

"ಮತ್ತೆ? ಅಂಗಡೀಲಿ ಗಾಳಿ ಥರ ಓಡ್ತು."

ಕಾರ್ಮೆಲಿತಾ ಎಲ್ಲರನ್ನೂ ಊಟದ ಕೋಣೆಗೆ ಕರೆಸಿ, ಯಂತ್ರಕ್ಕೆ ಕರೆಂಟು ಕೊಡಿಸಿದರು. ಅದು ಗೊಣಗುಟ್ಟಿತು. ಸೂಜಿ ಒಲ್ಲದ ಮನಸ್ಸಿನಿಂದ ಏರಿತು, ಇಳಿಯಿತು.

"ಕೆಟ್ಟಿದೆಯೇನೋ," ಎಂದ ಓಲಾವೊ.

"ಮಷಿನ್ ಕೆಟ್ಟಿಲ್ಲ ಕಣಪ್ಪ, ನಿನ್ನ ಬುದ್ಧಿ ಕೆಟ್ಟಿದೆ. ನಮ್ಮ ಕರೆಂಟು ನೂರಿಪ್ಪತ್ತೇಳು ವೋಲ್ಟು, ರೆಸಿಫೇದು ಇನ್ನೂರಿಪ್ಪತ್ತು. ಇದು ಅಲ್ಲಿಗೆ ಅಂತ ಕೊಟ್ಟಿರೋ ಮಷಿನ್ನು, ಅದಕ್ಕೇ ಇಲ್ಲಿ ತೆವಳ್ತಿದೆ. ಅಂಗಡೀಲಿ ಎರಡೂ ಥರದ ಕರೆಂಟಿರುತ್ತೆ, ಜುರೇಮಾಗೆ ಓಡ್ಸಿ ತೋರ್ಸಿದ್ದು ಹಾಗೆ. ಇಲ್ಲಿ ಹೊಲಿಯೋನಿಗೆ ಯಾವ ಅಂಗಡಿಯವನು ಇದನ್ನ ಕೊಡ್ತಾನೆ? ಗುರುತು ಸಿಗಬಾರದು ಅಂತ ನೀನು ನಂಬರಿದ್ದ ಚೀಟಿ ಕಿತ್ತೆ. ವೋಲ್ಟೂ ಅದರಲ್ಲೇ ಬರೆದಿತ್ತು, ಓದೋ ವ್ಯವಧಾನ ನಿನಗಿರಲಿಲ್ಲ. ಮೊಳೆ ಮೇಲಿನ ಬೀಗದಕೈ ನಿನಗೂ ಕೈಗೆಟುಕ್ತಿತ್ತಲ್ಲ!"

ಓಲಾವೊ ತಲೆ ತಗ್ಗಿಸಿದ. "ನನ್ನ ಹಳೇದು ಸುಟ್ಟೋಯ್ತು, ದೋನಾ..."

ವಲ್ದೀರ ಯಂತ್ರವನ್ನು ಹೆಗಲಿಗೇರಿಸಿದ.

"ವಲ್ದೀರಣ್ಣ, ತಪ್ಪಾಯ್ತು. ಹೊಟ್ಟೆಗೆ ಹಾಕ್ಕೋ," ಎಂದಳು ಜುರೇಮಾ.

"ನಡೀರಮ್ಮ, ಬಸ್ಸು ಕಾಯಲ್ಲ."

ಅವಳನ್ನು ಬಸ್ಸಿಗೆ ಹತ್ತಿಸಿ ಬಂದ ವಲ್ದೀರ ನನ್ನ ಪಕ್ಕ ಕೂತು, "ನೀನೊಬ್ಬನಾದ್ರೂ ನನ್ನ ಕಳ್ಳ ಅನ್ನಲಿಲ್ಲ, ನಂಬಿದ್ಯಲ್ಲ ಮಾರಾಯ," ಅಂದ. ನಾನು ಹೂಂ ಅಂದುಬಿಟ್ಟೆ.