ಕಾಯುವ ಗುಂಪಿನ ಪ್ರೇಮಕುಮಾರ

"ಹೌದ್ರಿ. ಅವಮಾನ ಆಗ್ಯದ."

ಪಂಚಶೀಲಾ ತಲೆ ಎತ್ತಲಿಲ್ಲ. ಟ್ಯಾಬ್ ಮೇಲೆ ಬೆರಳಾಡಿಸಿ ಮುಂದಿನ ಪ್ರಶ್ನೆ ಓದಿದಳು.

"ಯಾರಿಂದ ಅಂತ ಹೇಳ್ತೀರೇನ್ರಿ? ಹೇಳಲೇಬೇಕು ಅಂತೇನಿಲ್ಲ."

"ಹೇಳ್ತೀನಿ." ಎದುರು ಚಾಪೆಯ ಮೇಲೆ ಕೂತಿದ್ದ ಪ್ರೇಮಕುಮಾರ ಅವಳನ್ನೇ ನೋಡಿದ. "ನಿಮ್ಮಿಂದ."

ಏನು?!

ಬೆರಳು ಇದ್ದಲ್ಲೇ ನಿಂತಿತು. ತಪ್ಪಾಗಿ ಕೇಳಿಸಿಕೊಂಡೆನಾ? ಇಲ್ಲ... ಅವನ ಮುಖದಲ್ಲಿ ತಮಾಷೆಯ ಸುಳಿವೇ ಇರಲಿಲ್ಲ.

"ನನ್ನಿಂದ?... ನಾ ಏನ್ ಮಾಡೀನ್ರಿ?"

"ಇದು ಆಫೀಸಿನ ಪ್ರಶ್ನೆನೋ, ನೀವಾಗೇ ಕೇಳಾಕತ್ತೀರೋ?"

"ನಾನೇ... ನಾನೇ ಕೇಳಾಕತ್ತೀನಿ."

"ಹಂಗಾದ್ರ ಕೇಳ್ರಿ. ನೀವು ನಮ್ಮ ಮನಿಗಿ ಬಂದಾಗೆಲ್ಲ ನಮ್ಮವ್ವ ತಂಬಿಗಿ ತುಂಬಿ ನೀರು ತರ್ತಾಳ. ಒಂದು ಸಲಾನೂ ನೀವು ಅದನ್ನ ಮುಟ್ಟಿಲ್ಲ. 'ಬ್ಯಾಡ್ರಿ, ಈಗರೇ ಕುಡ್ದು ಬಂದೀನಿ' ಅಂತೀರಿ."

"ಅದು... ಆಫೀಸಿನ ನಿಯಮ..."

"ಸುಳ್ಳು ಹೇಳಬ್ಯಾಡ್ರಿ ಮೇಡಂ!" ಅವನ ದನಿ ಏರಿತು. "ಮೊನ್ನೆ ಕಲ್ಯಾಣಪ್ಪನವರ ಕಟ್ಟಿ ಮ್ಯಾಲ ಕುಂತು ಬಶಿಯಾಗ ಚಾ ಹಾಕ್ಕೊಂಡು ಕುಡ್ದ್ರಿ. ನಾ ಕಣ್ಣಾರೆ ನೋಡೀನಿ. ಅವರ ಮಗನೂ ನನ್ನಂಗ ಕಾಯೋ ಗುಂಪಿನವನೇ. ಅಲ್ಲಿ ಇಲ್ಲದ ನಿಯಮ ಇಲ್ಲಿಗಿ ಯಾಕ ಬಂತು? ನಾವು ಯಾವ ಓಣಿಯವರು ಅಂತ ನೋಡೇ ಬಂತು. ಹೌದಿಲ್ಲೋ?"

ಪಂಚಶೀಲಾ ಟ್ಯಾಬನ್ನು ತೊಡೆಯ ಮೇಲೆ ಇಳಿಸಿದಳು.

ಅವಳು ಕಲಬುರಗಿಯ ಗಾಜಿಪುರದ ತುಕಾರಾಮರ ಮಗಳು. ಅಪ್ಪ ಹುಡುಗನಾಗಿದ್ದಾಗ ಮೇಲ್ಜಾತಿಯವರ ಮನೆ ಮುಂದೆ ಬೊಗಸೆ ಹಿಡಿದು ನಿಂತದ್ದನ್ನು, ಮೇಲಿನಿಂದ ಸುರಿದ ನೀರು ಮೊಣಕೈಗೆ ಇಳಿದು ಅಂಗಿ ತೊಯ್ದದ್ದನ್ನು ಅವರು ಹೇಳುವಾಗ ಅವಳಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಂಥ ಅಪ್ಪನ ಮಗಳು ಇವತ್ತು ಯಾವ ಮಾತು ಕೇಳಿಸಿಕೊಂಡಳು ನೋಡಿ!

ಗೋಡೆಯ ಮೇಲೆ ಬುದ್ಧನ ಪಟ ಇತ್ತು. ಅವಳ ಮನೆಯಲ್ಲೂ ಅಂಥದ್ದೇ ಒಂದಿದೆ.

"ಅಯ್ಯೋ... ಇಲ್ರಿ! ನೀವು ತಪ್ಪು ತಿಳ್ಕೊಂಡೀರಿ. ಎಲ್ಲರೂ ಶೀಲಾ ಮೇಡಂ ಅಂತಾರ, ಆದ್ರ ನನ್ನ ಪೂರ್ತಿ ಹೆಸರು ಪಂಚಶೀಲಾ, ಬುದ್ಧನ ಪಂಚಶೀಲದ್ದೇ. ನಾನೂ ನಿಮ್ಮವಳೇ ರೀ!"

ಈಗ ಗರಬಡಿದಂತೆ ಕೂತವನು ಪ್ರೇಮಕುಮಾರ. ಒಳಬಾಗಿಲಲ್ಲಿ ನಿಂತಿದ್ದ ಅವನ ತಾಯಿ ಸಾವಿತ್ರಿಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಇನ್ನೇನು, ಎಲ್ಲ ತಿಳಿಯಾಯಿತು ಎಂದುಕೊಂಡಳು ಪಂಚಶೀಲಾ. ಎಷ್ಟು ಸುಲಭ ಅಂದುಕೊಂಡಿದ್ದಳು, ಪಾಪ!

"ನಮ್ಮವರೇನು?" ಅವನು ನಿಧಾನವಾಗಿ ಎದ್ದು ನಿಂತ. "ಹಂಗಾದ್ರ ಇನ್ನೂ ಕೆಟ್ಟದ್ದು. ಗೊತ್ತಿಲ್ಲದವರು ಮಾಡಿದ್ರ ಗೊತ್ತಿಲ್ಲ ಅನ್ನಬಹುದು. ಇದು ಹ್ಯಾಂಗ ನೋಯ್ತದ ಅಂತ ನಿಮಗ ಗೊತ್ತಿತ್ತು. ನೌಕರಿ ಸಿಕ್ಕ ಮ್ಯಾಲ ನೀವೂ ಹಂಗೇ ಆದ್ರಿ!"

"ಹಂಗಲ್ರಿ..."

"ಮತ್ತ ಹ್ಯಾಂಗ? ಹೇಳ್ರಿ, ಕಾರಣ ಏನು?"

ಕಾರಣ ಇತ್ತು. ನಾಲಿಗೆಯ ತುದಿಗೇ ಬಂದಿತ್ತು. ಆದರೆ ಅದನ್ನು ಅವನ ತಾಯಿಯ ಎದುರು, ಆಫೀಸಿನ ಟ್ಯಾಬ್ ತೊಡೆಯ ಮೇಲಿಟ್ಟುಕೊಂಡು ಹೇಳುವುದು ಹೇಗೆ?

ಅವಳು ಟ್ಯಾಬಿನ ಕಡೆ ತಲೆ ಬಗ್ಗಿಸಿದಳು. ಅದೇ ಮುಳುವಾಯಿತು.

"ನಿಮ್ಮ ಪಟ್ಟಿಯಿಂದ ನನ್ನ ಹೆಸರು ತೆಗೀರಿ," ಅಂದ ಪ್ರೇಮಕುಮಾರ. "ನಿಮ್ಮ ಪ್ರಶ್ನೆನೂ ಬ್ಯಾಡ, ಮುಂದಿನ ವರ್ಷದ ಸಸಿನೂ ಬ್ಯಾಡ."

"ಏ ಪ್ರೇಮ್ಯಾ! ಏನ್ ಮಾತಾಡಾಕತ್ತಿ ನೀ?" ಸಾವಿತ್ರಿಬಾಯಿ ಚೀರಿದರು.

ಅವನು ಆಗಲೇ ಹೊಲದ ಹಾದಿ ಹಿಡಿದಿದ್ದ.

*

ಕಲಬುರಗಿಯ ಬಸ್ಸು ಕಮಲಾಪುರ ದಾಟುವವರೆಗೂ ಪಂಚಶೀಲಾ ಕಿಟಕಿಯಿಂದ ಹೊಲದ ಹಾದಿಯನ್ನೇ ನೋಡುತ್ತಿದ್ದಳು.

ಬಾಳೆ ಸಸಿ ಬೇಡ ಅಂದುಬಿಟ್ಟನಲ್ಲ! ಅದರ ಮೇಲೆ ಅವನೆಷ್ಟು ಆಸೆ ಇಟ್ಟುಕೊಂಡಿದ್ದ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅಂಥದ್ದನ್ನು ಕೇಳಿ ಬರೆದುಕೊಳ್ಳುವುದೇ ಅವಳ ಕೆಲಸ. ಕಮಲಾಪುರದ ಕೆಂಪು ಬಾಳೆಯ ರುಚಿಗೆ ಸೋಲದವರಿಲ್ಲ. ಆದರೆ ಗಿಡ ಆಳೆತ್ತರ ಮೀರಿ ಬೆಳೆಯುತ್ತದೆ, ಗೊನೆಗಾಗಿ ವರ್ಷ ದಾಟಿ ಕಾಯಬೇಕು, ಬಿರುಗಾಳಿ ಬಂದರೆ ಬುಡಸಮೇತ ಮಲಗುತ್ತದೆ. ಇದೆಲ್ಲ ನೋಡಿ ಹರೆಯದ ಹುಡುಗರು ಪುಣೆ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಬಸ್ಸು ಹತ್ತುತ್ತಾರೆ. ಅದಕ್ಕೇ ಅವಳ ಆಫೀಸಿನವರು ಗಿಡ್ಡವಾಗಿ ಬೆಳೆದು ಬೇಗ ಗೊನೆ ಹಾಕುವ ಸಸಿಗಳನ್ನು ಲ್ಯಾಬಿನಲ್ಲಿ ಬೆಳೆಸಿದ್ದರು. ಬೆಳೆ ಸುಧಾರಿಸಿದರೆ ಅದನ್ನು ಬೆಳೆಯುವ ಹುಡುಗನ ಮನಸ್ಸೂ ಸುಧಾರಿಸುತ್ತದಾ? ಅದನ್ನು ತಿಳಿಯುವುದೇ ಸಂಶೋಧನೆ.

ಚೀಟಿ ಎತ್ತಿ ಹುಡುಗರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಈ ವರ್ಷ ಸಸಿ, ಜೊತೆಗೆ ವಾರಕ್ಕೊಮ್ಮೆ ಕೂಡಿ ಕೂತು ಮನಸ್ಸಿನ ಮಾತು. ಇನ್ನೊಂದು ಗುಂಪು ಮುಂದಿನ ವರ್ಷದವರೆಗೆ ಕಾಯಬೇಕು. ಅಲ್ಲಿಯತನಕ ಅವರಿಗೆ ಬರೀ ಪ್ರಶ್ನೆ. ಹೋಲಿಸಿ ನೋಡಲು ಹಾಗೆ. ನಿದ್ದೆ ಬರ್ತದಾ? ಊರಲ್ಲಿ ಗೌರವ ಇದೆಯಾ? ನಾಳೆಯ ಬಗ್ಗೆ ಆಸೆ ಇದೆಯಾ?

ಪ್ರೇಮಕುಮಾರನ ಕೈಗೆ ಬಂದದ್ದು ಕಾಯುವ ಚೀಟಿ. ಹೆಸರು ನೋಡಿದರೆ ಪ್ರೇಮಕುಮಾರ, ಮುಖ ನೋಡಿದರೆ ಪ್ರೇಮಕ್ಕೂ ತನಗೂ ಏಳು ಜನ್ಮದ ವೈರ ಅನ್ನುವಷ್ಟು ಗಂಭೀರ! ಅಂಥವನನ್ನು ಮೊದಲ ಭೇಟಿಯಲ್ಲೇ ಅವಳು ಕೇಳಿದ್ದಳು, "ನಾಳೆ ಬಗ್ಗೆ ಆಸೆ ಅದನೇನ್ರಿ?"

ಅವನು ಯೋಚಿಸಿ ಕೇಳಿದ್ದ, "ನಾಳೆನೂ ನೀವು ಬರ್ತೀರೇನ್ರಿ?"

ಕೇಳಿದ್ದು ಅಷ್ಟೇ. ಆಮೇಲೆ ತಾನೇ ನಾಚಿ ನೆಲ ನೋಡಿದ್ದ. ಆದರೆ ಪಂಚಶೀಲಾಳ ಮನಸ್ಸು ಆವತ್ತೇ ಕೈ ಬಿಟ್ಟು ಹೋಗಿತ್ತು.

ಅವನು "ನಡೀತದ" ಅಂದರೆ ಅವಳ ಬೆರಳು "ಚೆನ್ನಾಗಿದೆ" ಅನ್ನುವ ಕಡೆ ಹೊರಳುತ್ತಿತ್ತು. ಸಂಶೋಧನೆ ಕೆಡುತ್ತದೆ ಎಂದು ಹೆದರಿಬಿಟ್ಟಳು. ಇಲ್ಲಿ ಒಂದು ಗಳಿಗೆ ಹೆಚ್ಚಿಗೆ ಕೂರಬಾರದು, ಇಲ್ಲಿಯ ನೀರು ಸಹಿತ ಮುಟ್ಟಬಾರದು, ನಗಬಾರದು ಅಂತ ತನಗೆ ತಾನೇ ಕಟ್ಟುಪಾಡು ಹಾಕಿಕೊಂಡಳು. ಕಲ್ಯಾಣಪ್ಪನ ಮನೆಯ ಚಹಾಕ್ಕೆ ಅಂಥ ಅಪಾಯ ಇರಲಿಲ್ಲ ನೋಡಿ, ಅದಕ್ಕೆ ಬಶಿಯಲ್ಲಿ ಹಾಕಿಕೊಂಡು ಆರಾಮಾಗಿ ಕುಡಿದಳು.

ಒಳ್ಳೆಯವಳಾಗಿ ಇರಲು ಹೋಗಿ ತಾನು ಮಾಡಿದ್ದೇನು? ಹೆತ್ತಪ್ಪನಿಗೆ ಊರು ಮಾಡಿದ್ದನ್ನೇ ತಾನು ಮೆಚ್ಚಿದವನಿಗೆ ಮಾಡಿದಳು! ಸೀಟಿನ ಕಂಬಿಗೆ ಹಣೆ ಒತ್ತಿ ಅತ್ತಳು.

*

"ಹೆಸರು ತೆಗೀರಿ ಅಂದನೇನು? ಯಾಕ ಬೇಟಾ?" ಯೋಜನೆಯ ಮುಖ್ಯಸ್ಥ ವಕಾರ್ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಪಂಚಶೀಲಾ ನಡೆದದ್ದನ್ನೆಲ್ಲ ಹೇಳಿದಳು.

"ನೀರು ಕುಡೀಬ್ಯಾಡ ಅಂತ ನಿನಗ ಯಾರು ಹೇಳ್ಯಾರ?"

"ಕಾಣಿಕಿ ಏನೂ ತಗೋಬಾರದು ಅಂತ ಟ್ರೇನಿಂಗ್‌ದಾಗ..."

"ಅರೆ! ನೀರು ಕಾಣಿಕಿ ಏನಮ್ಮಾ? ಕುಡಿಯೋ ನೀರಿಗಿ ಇಲ್ಲ ಅಂತಾರೇನು ಯಾರರೇ? ಮತ್ತ ಉಳಿದ ಮನ್ಯಾಗ ಕುಡೀತಿ, ಅಲ್ಲಿ ಮಾತ್ರ ಯಾಕ..."

ವಕಾರ್ ಸರ್ ಮಾತು ಅಲ್ಲೇ ನಿಲ್ಲಿಸಿದರು. ಅವಳ ಮುಖ ಕೆಂಪಾಗಿತ್ತು. ಪಕ್ಕದ ಮೇಜಿನಲ್ಲಿದ್ದ ಸಹೋದ್ಯೋಗಿ ಶಾಹಜಾದಿ ಕುರ್ಚಿಯನ್ನೇ ಈ ಕಡೆ ತಿರುಗಿಸಿದಳು.

"ಯಾ ಅಲ್ಲಾ!" ಅಂದರು ವಕಾರ್ ಸರ್. "ಪಂಚಶೀಲಾ... ನಿನಗ ಆ ಹುಡುಗ..."

"ಹೌದ್ರಿ ಸರ್."

ಇನ್ನು ಕೆಲಸ ಹೋಯಿತು ಎಂದೇ ತಿಳಿದು ಅವಳು ಕಣ್ಣು ಮುಚ್ಚಿದಳು.

"ಮೊದಲ ದಿನಾನೇ ಬಂದು ಹೇಳಬೇಕಿತ್ತು," ವಕಾರ್ ಸರ್ ದನಿ ಗಡುಸಾಗಿತ್ತು. "ಆ ಮನಿಗಿ ಬ್ಯಾರೆಯವರನ್ನ ಕಳಿಸ್ತಿದ್ದೆ, ಮುಗೀತಿತ್ತು. ಈಗ ನೀ ತಂದ ಅವನ ಜವಾಬೆಲ್ಲ ತೆಗೆದು ಹಾಕಬೇಕು. ಅದಕ್ಕಿಂತ ದೊಡ್ಡದು, ಒಬ್ಬ ತಾಯಿ ಕೊಟ್ಟ ನೀರು ವಾಪಸ್ ಹೋಗ್ಯದ. ಹುಡುಗರ ಮನಸ್ಸು ಸುಧಾರಿಸೋ ಕೆಲಸಕ್ಕ ಹೋಗಿ ಮನಸ್ಸು ಮುರಿದು ಬಂದಿ."

"ಸಸಿ, ಸರ್? ಅವರ ಸಸಿ..."

"ಸಸಿ ಅವನ ಹಕ್ಕು. ಹೆಸರು ಇರಲಿ, ಬಿಡಲಿ, ಚೀಟಿ ಎತ್ತಿಸಿದ ದಿನ ಮಾತು ಕೊಟ್ಟೀವಿ. ಇನ್ನ ಮುಂದ ಕಮಲಾಪುರಕ್ಕ ಶಾಹಜಾದಿ ಹೋಗ್ತಾಳ. ನೀ ಆಫೀಸ್ ಕೆಲಸಕ್ಕಂತ ಆ ಊರಿಗಿ ಕಾಲಿಡಂಗಿಲ್ಲ."

ಪಂಚಶೀಲಾ ಮೇಜಿನ ಅಂಚು ಹಿಡಿದಳು. ಇನ್ನು ಅವನನ್ನು ನೋಡುವುದೇ ಇಲ್ಲವಾ?!

ವಕಾರ್ ಸರ್ ಕನ್ನಡಕ ಏರಿಸಿಕೊಂಡು ಕಾಗದದ ಕಡೆ ತಿರುಗಿದರು. "ಸ್ವಂತ ಟಿಕೀಟು ತಗೊಂಡು ಹೋದ್ರ ಕೇಳಾಕ ನಾ ಯಾರು?"

*

ಭಾನುವಾರ ಅವಳು ಸ್ವಂತ ಟಿಕೀಟು ತೆಗೆದುಕೊಂಡು ಹೋದಳು.

ಪ್ರೇಮಕುಮಾರ ತೋಟದಲ್ಲಿದ್ದ. ತೂಗುವ ಗೊನೆಯೊಂದಕ್ಕೆ ಬಿದಿರಿನ ಊರುಗೋಲು ಕೊಡುತ್ತಿದ್ದವನು ಅವಳನ್ನು ಕಂಡು ಮುಖ ತಿರುಗಿಸಿದ.

"ಹೆಸರು ತೆಗೀರಿ ಅಂದಿದ್ದೆ."

"ಅದು ನಿಮ್ಮಿಷ್ಟ. ಹೆಸರು ಇದ್ರೂ ಇಲ್ಲದಿದ್ರೂ ಸಸಿ ನಿಮಗ ಬರ್ತಾವ. ಇನ್ನ ಮುಂದ ಶಾಹಜಾದಿ ಅನ್ನೋರು ಬರ್ತಾರ. ನಾ ಬರಂಗಿಲ್ಲ."

ಬಿದಿರು ಹಿಡಿದ ಅವನ ಕೈ ಒಂದು ಕ್ಷಣ ಬಿಗಿಯಾಯಿತು. "ಇಷ್ಟು ಹೇಳಾಕ ಇಲ್ಲಿತನ ಬರಬೇಕಿತ್ತೇನು? ಫೋನ್ ಮಾಡಿದ್ರ ಆಗ್ತಿತ್ತು."

"ತಪ್ಪಾಯ್ತು ಅನ್ನಾಕ ಬಂದೀನಿ. ಕಾರಣ ಏನರೇ ಇರ್ಲಿ, ಅವ್ವ ತಂದ ನೀರಿಗಿ ನಾ ಬ್ಯಾಡ ಅನ್ನಬಾರದಿತ್ತು. ಈಗ ನಿಮ್ಮ ಮುಂದ ಕುಡಿದು ತೋರಿಸಿದ್ರ ಅದು ನಾಟಕ ಆಗ್ತದ. ಅದಕ್ಕ ಬಾಯಿಬಿಟ್ಟು ಹೇಳಾಕತ್ತೀನಿ. ತಪ್ಪಾಯ್ತು."

ಪ್ರೇಮಕುಮಾರ ಬಿದಿರನ್ನು ಗೊನೆಯ ಕೆಳಗೆ ಇನ್ನಷ್ಟು ಒತ್ತಿ ಹಿಡಿದ.

"ಕಾರಣ ಏನಿತ್ತು?" ಕೊನೆಗೆ ಕೇಳಿದ. ಈ ಸಲ ದನಿಯಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು.

ಈಗ ಹೇಳದಿದ್ದರೆ ಇನ್ನು ಯಾವತ್ತೂ ಇಲ್ಲ... ಪಂಚಶೀಲಾ ಗಟ್ಟಿ ಮನಸ್ಸು ಮಾಡಿದಳು.

"ಕಲ್ಯಾಣಪ್ಪನವರ ಕಟ್ಟಿ ಮ್ಯಾಲ ಕುಂತ್ರ ನನ್ನ ಧ್ಯಾನ ಚಾದ ಮ್ಯಾಲೇ ಇರ್ತದ್ರಿ. ಚಾ ಮುಗೀತು, ಎದ್ದು ಬರ್ತೀನಿ. ನಿಮ್ಮ ಮನ್ಯಾಗ ಕುಂತ್ರ ಏಳಾಕ ಮನಸ್ಸಾಗಂಗಿಲ್ಲ. ನಿಮ್ಮ ಜವಾಬು ಬರಿಯಾಗ ನನ್ನ ಬೆರಳು ತಾನೇ 'ಚೆನ್ನಾಗಿದೆ' ಕಡಿಗಿ ಹೊರಳ್ತಿತ್ತು. ಅದಕ್ಕ ಹೆದರಿ ದೂರ ಇದ್ದೆ. ಬ್ಯಾರೆ ಏನೂ ಕಾರಣ ಇಲ್ಲ. ನೀವಂದ್ರ ನನಗ... ಭಾಳ ಇಷ್ಟ."

ಧಡ್!

ಪ್ರೇಮಕುಮಾರನ ಕೈಯಿಂದ ಬಿದಿರು ಬಿತ್ತು. ಗಿಡ ವಾಲಿತು. "ಅಯ್ಯಯ್ಯೋ, ಗೊನಿ!" ಅಂತ ಇಬ್ಬರೂ ಒಟ್ಟಿಗೇ ಓಡಿ ಹೆಗಲು ಕೊಟ್ಟರು. ಕೆಂಪು ಗೊನೆ ಇಬ್ಬರ ನಡುವೆ ತೂಗಾಡಿ ನಿಂತಿತು.

ಅವನ ಮುಖ ನೋಡಬೇಕಿತ್ತು. ಬಾಯಿ ತೆರೆದದ್ದು ಮುಚ್ಚಿರಲಿಲ್ಲ.

"ಏನಂದ್ರಿ?"

"ಒಂದು ಸಲ ಹೇಳಿದ್ದೇ ಹೆಚ್ಚಾತು," ಅಳುತ್ತಲೇ ನಕ್ಕಳು ಪಂಚಶೀಲಾ.

ಅವನು ಬಿದಿರು ಎತ್ತಿ ಗಿಡಕ್ಕೆ ಭದ್ರವಾಗಿ ಆನಿಸಿದ. ಕೈ ಒರೆಸಿಕೊಂಡ. ಆಮೇಲೆ ಅವಳತ್ತ ನೋಡದೆಯೇ ಹೇಳಿದ.

"ಬ್ಯಾರೆ ಯಾರರೇ ನೀರು ಬ್ಯಾಡ ಅಂದಿದ್ರ ಹೋಗ್ಲಿ ಬಿಡು ಅಂತಿದ್ದೆ. ಅಂಥವರನ್ನ ಭಾಳ ಮಂದಿನ್ನ ನೋಡೀನಿ. ನೀವು ಅಂದ್ರಿ ನೋಡ್ರಿ... ನನಗ ರಾತ್ರಿ ನಿದ್ದಿ ಬರ್ತಿರಲಿಲ್ಲ."

"ಮತ್ತ ನಿದ್ದಿ ಬಗ್ಗೆ ಕೇಳಿದಾಗ 'ಚಂದ ಬರ್ತದ' ಅಂದಿದ್ರಿ!"

"ಸುಳ್ಳು ಹೇಳೀನಿ. ಕೇಳಾಕಿ ಮುಂದೇ ಹ್ಯಾಂಗ ಹೇಳ್ಲಿ, ನಿಮ್ಮಿಂದೇ ಬರಂಗಿಲ್ಲ ಅಂತ?"

"ಅಯ್ಯೋ ದೇವರೇ! ಅಲ್ರಿ, ಅದು ಸಂಶೋಧನೆ!"

ಅಷ್ಟರಲ್ಲಿ ರೊಟ್ಟಿ ಬುತ್ತಿ ಹಿಡಿದು ಬಂದ ಸಾವಿತ್ರಿಬಾಯಿ ದಂಗಾಗಿ ನಿಂತರು. "ಏ ಪ್ರೇಮ್ಯಾ! ಮೇಡಂ ಅಳಾಕತ್ತಾರಲೋ! ಮತ್ತೇನಂದಿ ನೀ?"

"ನಾ ಏನೂ ಅಂದಿಲ್ಲ ಯವ್ವಾ. ಅವರೇ ಅಂದಾರ."

ಪಂಚಶೀಲಾ ಹೋಗಿ ಅವರ ಎರಡೂ ಕೈ ಹಿಡಿದುಕೊಂಡಳು. "ತಪ್ಪಾಯ್ತ್ರಿ ಅವ್ವಾ. ನಿಮ್ಮ ಮನಸ್ಸು ನೋಯಿಸೀನಿ."

ಸಾವಿತ್ರಿಬಾಯಿ ಅವಳ ಮುಖ ನೋಡಿದರು, ಮಗನ ಮುಖ ನೋಡಿದರು. ಅವರಿಗೆ ಯಾವ ಪ್ರಶ್ನೆಯನ್ನೂ ಕೇಳುವ ಅಗತ್ಯ ಬೀಳಲಿಲ್ಲ. "ಇಬ್ಬರಿಗೂ ಸಾಲೋ ಅಷ್ಟು ರೊಟ್ಟಿ ಅವ, ತಿನ್ರಿ," ಅಂತ ಬುತ್ತಿಯನ್ನು ಅವಳ ಕೈಗೇ ಕೊಟ್ಟು ಮನೆಯತ್ತ ತಿರುಗಿದರು.

ಬಾಳೆಯ ನೆರಳಲ್ಲಿ ಇಬ್ಬರೂ ಕೂತರು. ಪಂಚಶೀಲಾ ಬುತ್ತಿಯ ಗಂಟು ಬಿಚ್ಚುತ್ತ ಮೆಲ್ಲಗೆ ಕೇಳಿದಳು.

"ನನ್ನ ಮ್ಯಾಲಿನ ಸಿಟ್ಟು ಹೋಯ್ತೇನ್ರಿ?"

"ಇಲ್ಲ."

ಅವಳ ಕೈ ನಿಂತಿತು. ಆದರೂ ತಲೆ ಎತ್ತಿ ಹೇಳಿದಳು, "ಹೋಗೋತನ ಬರ್ತೀನಿ. ಪ್ರತಿ ಐತವಾರ ಆಫೀಸಿಗಿ ರಜಾ, ಬರ್ತೀನಿ."

ಪ್ರೇಮಕುಮಾರ ರೊಟ್ಟಿ ಮುರಿದು ಅರ್ಧ ಅವಳ ಕೈಯಲ್ಲಿಟ್ಟ. ಆ ಗಂಭೀರ ಮುಖದಲ್ಲಿ ಮೊದಲ ಬಾರಿಗೆ ನಗು ತುಂಬಿಕೊಂಡಿತು.

"ಹಂಗಿದ್ರ ಇದು ಹೋಗೋ ಸಿಟ್ಟಲ್ಲ ಬಿಡ್ರಿ. ಮುದುಕ ಆಗೋತನ ಇರ್ತದ."

"ಇರ್ಲಿ," ಅಂದಳು ಪಂಚಶೀಲಾ. "ನನಗೂ ಏನೂ ಅವಸರಿಲ್ಲ."