ಹೊಂದದ ಎರಡು ಕೋನಗಳು

ಎರಡು ಉತ್ತರಪತ್ರಿಕೆ, ಎರಡರಲ್ಲೂ ಅದೇ ಲೆಕ್ಕಕ್ಕೆ ಒಂದೇ ಕೊನೆಯ ಸಾಲು! ‘ನೂರೆಂಬತ್ತು, ಇನ್ನೂರೆಪ್ಪತ್ತು ತಾಳೆಯಾಗಲಿಲ್ಲ, ಬಿಟ್ಟಿದೆ.’ ಒಂದಕ್ಷರ ಆಚೆ ಈಚೆ ಇಲ್ಲ.

ಹುಣಸೂರಿನ ಆ ಪಿಯು ಕಾಲೇಜಿನಲ್ಲಿ ೧೯೯೮ರ ಪೂರ್ವಸಿದ್ಧತಾ ಪರೀಕ್ಷೆ ಆಗಷ್ಟೇ ಮುಗಿದಿತ್ತು. ಪ್ರಿನ್ಸಿಪಾಲ್ ಷಣ್ಮುಖಪ್ಪ ಪತ್ರಿಕೆಗಳನ್ನು ತಮ್ಮ ಕೋಣೆಯ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ತೀರ್ಪನ್ನೂ ಕೊಟ್ಟಾಗಿತ್ತು. ಕದ್ದು ಬರೆದವಳು ಭಾಗ್ಯ, ಹಾಸ್ಟೆಲ್ ಬಿಟ್ಟು ಹೊರಡಬೇಕು. ಕರೆದುಕೊಂಡು ಹೋಗಲು ಎಚ್.ಡಿ. ಕೋಟೆ ಕಡೆಯ ಕಾಡಂಚಿನ ಬುಡಕಟ್ಟು ಜನರ ಹಾಡಿಯಿಂದ ಅವಳ ಅಪ್ಪ ದೊಡ್ಡಬೊಮ್ಮನೂ ಬಂದು ನಿಂತಿದ್ದ. ಹಾಡಿಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದ ಹುಡುಗಿ ಅವಳೊಬ್ಬಳೇ. ಹಾಸ್ಟೆಲ್ ಹೋದರೆ ಓದೂ ಹೋದಂತೆಯೇ.

ಗಣಿತದ ಪ್ರಮೀಳಾ ಮೇಡಂಗೆ ಮೈಯೆಲ್ಲ ಉರಿಯಿತು. ಗಾವಡಗೆರೆಯ ಹೆಣ್ಣುಮಗಳು; ಲೆಕ್ಕದಲ್ಲಾಗಲಿ ಮಾತಿನಲ್ಲಾಗಲಿ ನಡುವಿನ ಹೆಜ್ಜೆ ಹಾರಿಸಿದವರನ್ನು ಸುಮ್ಮನೆ ಬಿಟ್ಟವರಲ್ಲ.

“ಭಾಗ್ಯಳೇ ಕದ್ದಳು ಅಂತ ಹೇಗೆ ಹೇಳ್ತೀರಿ ಸಾರ್?”

“ಕಣ್ಣಾರೆ ಕಂಡಿದ್ದೀನಿ ಕಣ್ರೀ! ಪರೀಕ್ಷೆ ನಡೀತಿದ್ದಾಗ ಹಿಂದಕ್ಕೆ ತಿರುಗಿದ್ದಳು. ಹಿಂದಿನ ಬೆಂಚಲ್ಲಿ ಧರ್ಮೇಂದ್ರ. ಕ್ಲಾಸಿಗೇ ಫಸ್ಟು ಬರೋ ಹುಡುಗ ಇವಳದ್ದು ನೋಡಿ ಬರೀತಾನಾ?”

“ಇಬ್ಬರೂ ಲೆಕ್ಕ ಮಾಡಿರೋ ದಾರಿ ಬೇರೆಬೇರೆ ಇದೆಯಲ್ಲ?”

“ಅದೇ ಕಿಲಾಡಿತನ! ದಾರಿ ಬದಲಾಯಿಸಿ, ಕೊನೇ ಸಾಲಲ್ಲಿ ಸಿಕ್ಕಿಬಿದ್ದಿದ್ದಾಳೆ.”

ದೊಡ್ಡಬೊಮ್ಮ ಪಕ್ಕದಲ್ಲಿ ನಿಂತಿದ್ದ ಮಗಳ ಕಡೆ ತಿರುಗಿದ. “ಏನಾಯ್ತು ಅಂತ ಬಾಯ್ಬುಟ್ಟು ಯೋಳವ್ವ.”

“ಬೆನ್ನಿಗೆ ಸ್ಕೇಲಲ್ಲಿ ತಿವುದ್ರು ಕಣಪ್ಪ. ಯಾರು ಅಂತ ತಿರುಗ್ದೆ, ಅಷ್ಟೇಯ.”

“ಸುಳ್ಳು ಮೇಡಂ!” ಬಾಗಿಲ ಬಳಿ ನಿಂತಿದ್ದ ಧರ್ಮೇಂದ್ರ ಕೂಗಿದ.

ಕೂಗಿದ್ದು ಸ್ವಲ್ಪ ಜಾಸ್ತಿಯೇ ಆಯಿತು ಎಂದುಕೊಂಡರು ಪ್ರಮೀಳಾ. ಅವರು ಸೀಮೆಸುಣ್ಣ ತೆಗೆದುಕೊಂಡು ಗೋಡೆಯ ಬೋರ್ಡಿನ ಮೇಲೆ ಪ್ರಶ್ನೆ ಬರೆದರು. ಸೈನ್ ಎಕ್ಸ್, ಕಾಸ್ ಎಕ್ಸ್ ಕೂಡಿದರೆ ಒಂದು. ಸೊನ್ನೆಯಿಂದ ಹಿಡಿದು ಮುನ್ನೂರರವತ್ತು ಡಿಗ್ರಿಗಿಂತ ಕಡಿಮೆ ಇರುವ ಎಕ್ಸ್ ಎಷ್ಟು?

“ಭಾಗ್ಯ, ಹೇಗೆ ಮಾಡಿದೆ?”

ಹುಡುಗಿ ತಡವರಿಸಲಿಲ್ಲ. “ಎರಡೂ ಕಡೆ ವರ್ಗ ಮಾಡ್ದೆ ಮೇಡಂ. ಸೈನ್ ವರ್ಗ, ಕಾಸ್ ವರ್ಗ ಕೂಡಿದ್ರೆ ಯಾವಾಗ್ಲೂ ಒಂದು. ಆ ಒಂದು ಎರಡೂ ಕಡೆಯಿಂದ ಓಯ್ತು. ಉಳಿದಿದ್ದು ಸೈನ್ ಎರಡೆಕ್ಸ್ ಸಮ ಸೊನ್ನೆ. ಸೊನ್ನೆ, ತೊಂಬತ್ತು, ನೂರೆಂಬತ್ತು, ಇನ್ನೂರೆಪ್ಪತ್ತು ಬಂದ್ವು. ವರ್ಗ ಮಾಡಿದ್ ಮೇಲೆ ತಾಳೆ ನೋಡ್ಲೇಬೇಕು ಅಂದಿದ್ರಲ್ಲ ನೀವು? ಕೊನೇ ಎರಡು ಆಕುದ್ರೆ ಮೈನಸ್ ಒಂದು ಬತ್ತದೆ. ಬುಟ್ಟೆ.”

“ಸರಿ. ಧರ್ಮೇಂದ್ರ, ಈಗ ನೀನು. ಬರೆದು ತೋರಿಸು.”

ಅವನ ಕೈ ಸರಸರನೆ ಓಡಿತು. ಗೈಡಿನಿಂದ ಬಾಯಿಪಾಠ ಮಾಡಿದ ದಾರಿ ಅದು. ರೂಟ್ ಎರಡರಿಂದ ಭಾಗಿಸಿ, ಎಡಗಡೆಯನ್ನು ಎಕ್ಸ್ ಪ್ಲಸ್ ನಲವತ್ತೈದರ ಸೈನ್ ಮಾಡಿದ. ಆ ಮೊತ್ತ ನಲವತ್ತೈದು ಇರಬೇಕು, ಇಲ್ಲವೇ ನೂರಮೂವತ್ತೈದು. “ಎಕ್ಸ್ ಸೊನ್ನೆ, ಇಲ್ಲಾ ತೊಂಬತ್ತು, ಮೇಡಂ.”

“ಇನ್ನು?”

“ಅಷ್ಟೇ—” ಸೀಮೆಸುಣ್ಣ ಬೋರ್ಡಿನ ಮೇಲೆ ನಿಂತುಬಿಟ್ಟಿತು.

“ಅಷ್ಟೇನಾ? ಹಾಗಾದರೆ ಪತ್ರಿಕೆಯಲ್ಲಿ ನೀನು ಬಿಟ್ಟ ನೂರೆಂಬತ್ತು, ಇನ್ನೂರೆಪ್ಪತ್ತು ಎಲ್ಲಿಂದ ಬಂದವು?”

ಧರ್ಮೇಂದ್ರ ಬೋರ್ಡು ನೋಡಿದ. ಬರೆದ ಸಾಲುಗಳನ್ನು ಮೇಲಿಂದ ಮತ್ತೆ ಓದಿದ.

ಪ್ರಮೀಳಾ ಪ್ರಿನ್ಸಿಪಾಲರ ಕಡೆ ತಿರುಗಿದರು. “ಇಬ್ಬರ ಉತ್ತರವೂ ಸರಿ ಇತ್ತು, ಸಾರ್. ಅದಕ್ಕೇ ಇದು ನಿಮ್ಮ ಕಣ್ಣಿಗೆ ಬೀಳಲಿಲ್ಲ. ವರ್ಗ ಮಾಡಿದರೆ ಮೈನಸ್ಸೂ ಪ್ಲಸ್ಸಾಗುತ್ತೆ, ಹೊಂದದ ಕೋನಗಳೂ ಒಳಗೆ ನುಗ್ಗುತ್ತವೆ. ಭಾಗ್ಯಳಿಗೆ ಬಂದವು, ಅವಳು ಬಿಟ್ಟಳು. ಇವನ ದಾರಿಯಲ್ಲಿ ವರ್ಗವೇ ಇಲ್ಲ, ಆ ಎರಡು ಕೋನ ಹುಟ್ಟೋದೇ ಇಲ್ಲ. ಬಾರದ ನೆಂಟರಿಗೆ ಯಾರಾದರೂ ಬಾಗಿಲು ಹಾಕ್ತಾರಾ? ಬೆನ್ನಿಗೆ ತಿವಿದ, ಅವಳು ತಿರುಗಿದಳು, ಹಾಳೆ ಮುಚ್ಚಿದ್ದ ಕೈ ಸರೀತು. ಆ ಸಾಲು ಕದ್ದವನು ಧರ್ಮೇಂದ್ರ!”

ಹುಡುಗನ ಕಣ್ಣಲ್ಲಿ ನೀರು ಬಂತು. “ಅವಳ ಹಾಳೇಲಿ ನಾಲ್ಕು ಕಾಣಿಸ್ತು, ನಂದು ಎರಡೇ. ಎರಡು ಬಿಟ್ಟೋಗಿದೆ ಅಂತ ಹೆದರಿದೆ ಮೇಡಂ.”

“ನಿನ್ನದೇ ಸರಿ ಇತ್ತಲ್ಲೋ ದಡ್ಡ! ಬಾಯಿಪಾಠ ಮಾಡಿದ್ದನ್ನ ಒಂದ್ಸಲ ತಾಳೆ ನೋಡಿದ್ದರೆ ನಿನಗೇ ಗೊತ್ತಾಗ್ತಿತ್ತು.” ಪ್ರಮೀಳಾಗೆ ಸಿಟ್ಟಿನ ಜೊತೆಗೆ ಅಯ್ಯೋ ಅನ್ನಿಸಿತು. ಅವನ ಪತ್ರಿಕೆಯ ಆ ಲೆಕ್ಕಕ್ಕೆ ಕೆಂಪು ಗೀಟು ಮಾತ್ರ ಎಳೆದೇ ಎಳೆದರು.

ಷಣ್ಮುಖಪ್ಪ ಗಂಟಲು ಸರಿಮಾಡಿಕೊಂಡು ಎದ್ದರು. “ದೊಡ್ಡಬೊಮ್ಮನೋರೆ, ನಿಮ್ಮ ಮಗಳು ಕದ್ದಿಲ್ಲ. ನಂದೇ ತಪ್ಪು. ಹಾಸ್ಟೆಲಲ್ಲೇ ಇರಲಿ, ಓದಲಿ.”

“ನಂಗೊತ್ತು ಸ್ವಾಮಿ,” ಎಂದ ದೊಡ್ಡಬೊಮ್ಮ. “ಆಸ್ಟೆಲ್ ಮಕ್ಕಳ್ಗೆ ಗೊತ್ತಿಲ್ಲ. ಬೆಳಗ್ಗಿಂದ ನನ್ ಮಗ್ಳನ್ನ ಕಳ್ಳಿ ಅಂತವ್ರೆ. ಈ ಮಾತ ಅಲ್ಲಿ ಬಂದು ಯೋಳಿ.”

ಷಣ್ಮುಖಪ್ಪ ಪ್ರಮೀಳಾರತ್ತ ನೋಡಿದರು. ಅಲ್ಲಿಂದ ಯಾವ ಸಹಾಯವೂ ಬರಲಿಲ್ಲ. ಪ್ರಿನ್ಸಿಪಾಲರು ಚಪ್ಪಲಿ ಮೆಟ್ಟಿಕೊಂಡು ಅಪ್ಪ ಮಗಳ ಹಿಂದೆ ಹಾಸ್ಟೆಲಿನ ಕಡೆ ನಡೆದರು.