ಅಕ್ವೇರಿಯಂಗೆ ಬಂದ ಸಿಂಹ

ಬೆಳಿಗ್ಗೆ ಬಾಗಿಲು ತಳ್ಳಿ ಒಳಗೆ ಬಂದ ಕಣ್ಣಿನ ಡಾಕ್ಟರ್ ಅಲ್ಲೇ ನಿಂತುಬಿಟ್ಟಳು.

ಅವಳ ನೆರಳು ಕಂಡರೆ ಸಾಕು, ಊಟ ಬಂತೆಂದು ಅಕ್ವೇರಿಯಂನ ಗಾಜಿಗೆ ಮುತ್ತಿಕೊಳ್ಳುತ್ತಿದ್ದ ನೀಲಿ ಮರಿಮೀನುಗಳು ಒಂದೂ ಕಾಣಲಿಲ್ಲ. ಕ್ಲೌನ್ ಫಿಶ್ ಜೋಡಿ ಮೂಲೆ ಸೇರಿತ್ತು. ನಡುವೆ, ಕೆಂಪು ಬಿಳಿ ಪಟ್ಟೆಯ ಬೀಸಣಿಗೆ ರೆಕ್ಕೆ ಹರಡಿಕೊಂಡು, ಹೊಸ ಅಳಿಯನ ಠೀವಿಯಲ್ಲಿ ಒಂದು ಲಯನ್ ಫಿಶ್ ತೇಲುತ್ತಿತ್ತು.

"ಚಿಕ್ಕಮ್ಮಾ, ಯಾರು ಇದನ್ನ ತಂದು ಬಿಟ್ಟಿದ್ದು?"

ಆ ಕಟ್ಟಡದಲ್ಲಿ ಎಡಗಡೆ ಕಣ್ಣು, ಬಲಗಡೆ ಹಲ್ಲು, ಮಧ್ಯೆ ಇಬ್ಬರಿಗೂ ಸೇರಿದ ಹಾಲ್. ರಿಸೆಪ್ಷನ್‌ನಲ್ಲಿ ಕೂರುವವರು ಹಲ್ಲಿನ ಡಾಕ್ಟರಿಗೆ ಸ್ವಂತ ಚಿಕ್ಕಮ್ಮ. ಹಾಗಾಗಿ ಬಂದವರಿಗೆಲ್ಲ ಚಿಕ್ಕಮ್ಮ.

"ನನ್ನೇನು ಕೇಳ್ತೀಯಮ್ಮ? ನಿನ್ನೆ ಅವನು ಏನೋ ಚೀಲ ಹಿಡ್ಕೊಂಡು ಬಂದ," ಎಂದು ಅವರು ಫೈಲುಗಳಲ್ಲಿ ಮುಖ ಹುದುಗಿಸಿದರು.

ಅವಳು ನೇರ ಬಲಗಡೆಯ ಕೋಣೆಗೆ ನುಗ್ಗಿದಳು. ಅವನು ಮಾಸ್ಕ್ ಇಳಿಸಿ ಕಣ್ಣರಳಿಸಿದ.

"ನೋಡಿದ್ರಾ? ಸರ್ಪ್ರೈಸ್!"

"ನೋಡ್ದೆ. ನನ್ನ ಮೀನುಗಳೆಲ್ಲಿ?"

"ಬಂಡೆ ಹಿಂದೆ ಇರ್ಬೇಕು. ಹೊಸಬರು ಬಂದಿದಾರಲ್ಲ, ನಾಚಿಕೆ."

"ಅದರ ಹೊಟ್ಟೇಲಿದಾವೆ ರೀ!"

ಅವನ ನಗು ಇಳಿದುಹೋಯಿತು. "ಹೊಟ್ಟೆ ತುಂಬಾ ತಿನ್ಸಿದ್ರೆ ಯಾರ ತಂಟೆಗೂ ಹೋಗಲ್ಲ ಅಂದ ಅಂಗಡಿಯವನು..."

"ಅದರ ಬಾಯಲ್ಲಿ ಹಿಡಿಸೋದೆಲ್ಲ ಅದಕ್ಕೆ ತಿಂಡಿ! ನನ್ನನ್ನ ಒಂದು ಮಾತು ಕೇಳೋಕಾಗ್ಲಿಲ್ವಾ?"

ಕಣ್ಣು ತುಂಬಿ ಬಂತು. ಅವನೆದುರು ಅಳು ಬಂದಿದ್ದಕ್ಕೆ ಇನ್ನಷ್ಟು ರೇಗಿತು. ಉಪ್ಪುನೀರು ಹದ ಮಾಡಿ, ಒಂದೊಂದೇ ಮೀನು ತಂದು ಒಗ್ಗಿಸಿ, ವರ್ಷಗಟ್ಟಲೆ ಕಟ್ಟಿದ ಸಂಸಾರ ಅದು. ಅವಳ ಬೆರಳ ಮೇಲೆ ಹತ್ತಿ ಕೂರುತ್ತಿದ್ದ ಪುಟ್ಟ ಸಿಗಡಿಯೂ ಹೋಗಿತ್ತು.

ಈ ಮನುಷ್ಯನೇ ಹೀಗೆ. ಕೇಳದೆ ಹಾಲ್‌ನ ಕುರ್ಚಿ ಬದಲಿಸಿದ. ಕೇಳದೆ ಅವಳ ಬೋರ್ಡಿಗೆ ಹೊಸ ಬಣ್ಣ ಹೊಡೆಸಿದ. ಬೈಯೋಣವೆಂದು ಹೋದರೆ, ಅಳುವ ಮಗುವಿನ ಮುಂದೆ ಮಂಡಿಯೂರಿ ಕೂತು ತನ್ನದೇ ಹಲ್ಲು ಎಣಿಸಿ ತೋರಿಸುತ್ತಿರುತ್ತಾನೆ. ಇಂಥವನನ್ನು ನೆಟ್ಟಗೆ ದ್ವೇಷಿಸುವುದಾದರೂ ಹೇಗೆ?

"ಮಧ್ಯಾಹ್ನ ಹಿಡಿಯೋಣ," ಎಂದಳು. "ನಾನು ಬರೋವರೆಗೆ ಕೈ ಹಾಕ್ಬೇಡಿ. ಬೆನ್ನಿನ ಮುಳ್ಳಲ್ಲಿ ವಿಷ ಇದೆ."

ಮಧ್ಯಾಹ್ನ ಅವಳು ಉಪ್ಪುನೀರಿನ ಬಕೆಟ್ ಹಿಡಿದು ಬರುವಷ್ಟರಲ್ಲಿ ಹಾಲ್‌ನಿಂದ "ಅಯ್ಯಮ್ಮಾ!" ಎಂಬ ಕೂಗು ಕೇಳಿತು. ಕೈ ಹಾಕಿದ್ದ. ಹಾಕದೆ ಇರುತ್ತಾನೆಯೇ?

"ಚಿಕ್ಕಮ್ಮಾ, ಬಿಸಿನೀರು!"

ತನ್ನ ಕೈಯದ್ದಿ ನೋಡಿ, ತಾಳುವಷ್ಟು ಬಿಸಿಯಿದೆ ಎಂದಾದ ಮೇಲೆ ಅವನ ಕೈ ಪಾತ್ರೆಯೊಳಗೆ ಇಟ್ಟಳು. ಬಲಗೈ. ಡ್ರಿಲ್ ಹಿಡಿಯುವ ಕೈ. ತೋರುಬೆರಳು ಆಗಲೇ ಊದಿತ್ತು.

"ಉಸಿರಾಟ ಸರಿ ಇದೆಯಾ? ತಲೆ ಸುತ್ತುತ್ತಾ?"

"ನೀವು ಇಷ್ಟು ಹತ್ರ ಕೂತ್ರೆ ಸುತ್ತದೆ ಇರತ್ತಾ?"

"ತಮಾಷೆ ಮಾಡಿದ್ರೆ ಮುಳುಗಿಸಿಬಿಡ್ತೀನಿ."

ನೋವಿಗೆ ಹಲ್ಲು ಕಚ್ಚಿದ್ದರೂ ಅವನ ಕಣ್ಣು ಅವಳ ಮುಖ ಬಿಟ್ಟು ಕದಲಲಿಲ್ಲ. "ಅವತ್ತು ಅಕ್ವೇರಿಯಂಗೆ ಉಪ್ಪು ತರೋಕೆ ಅಂಗಡಿಗೆ ಹೋಗಿದ್ವಲ್ಲ, ಈ ಮೀನಿನ ಮುಂದೆ ನಿಂತು 'ಇದನ್ನ ನೋಡ್ತಿದ್ರೆ ಮನೆಗೆ ಹೋಗೋದೇ ಬೇಡ ಅನ್ಸತ್ತೆ' ಅಂದ್ರಿ. ನೀವು ದಿನಾ ಸಂಜೆ ಆದ ತಕ್ಷಣ ಹೊರಟುಬಿಡ್ತೀರಿ. ಇದು ಇಲ್ಲಿದ್ರೆ ಇನ್ನೊಂದು ಸ್ವಲ್ಪ ಹೊತ್ತು ಇರ್ತೀರೇನೋ ಅಂತ..."

ಅವಳಿಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

"ದಿನವೆಲ್ಲಾ ಊರವರ ಬಾಯಿ ಬಿಡಿಸ್ತೀರಿ. ನೀವು ಬಾಯಿ ಬಿಡೋಕೆ ವಿಷದ ಮುಳ್ಳೇ ಬೇಕಾಯ್ತಾ?"

"ಈಗ ಬಿಟ್ಟೆನಲ್ಲ. ನೀವಂದ್ರೆ ನಂಗಿಷ್ಟ. ಬಹಳ ದಿನದಿಂದ."

ಚಿಕ್ಕಮ್ಮನಿಗೆ ಇದ್ದಕ್ಕಿದ್ದಂತೆ ಒಳಗೆ ಏನೋ ಕೆಲಸ ನೆನಪಾಯಿತು.

"ನನ್ನ ಮೀನುಗಳು ಹೋದ ಸಿಟ್ಟು ಇನ್ನೂ ಇದೆ," ಎಂದಳು ಅವಳು, ನೀರು ನೋಡುತ್ತಾ.

"ಇರ್ಲಿ."

"ಬೇಗ ಹೋಗಲ್ಲ ಅದು."

"ಕಾಯ್ತೀನಿ."

ನೀರು ಆರುತ್ತಾ ಬಂತು. ಇನ್ನಷ್ಟು ಬಿಸಿನೀರು ಸುರಿದಳೇ ಹೊರತು ಅವನ ಕೈ ಬಿಡಲಿಲ್ಲ.

ನೋವು ಇಳಿದ ಮೇಲೆ ಅವಳೇ ಬಲೆಯಿಂದ ಆ ಮೀನನ್ನು ಜೋಪಾನವಾಗಿ ಬಕೆಟ್ಟಿಗೆ ಇಳಿಸಿದಳು. ಸಂಜೆ ಇಬ್ಬರೂ ಅಂಗಡಿಗೆ ಹೋದರು. ಅವಳು ಮಾಡಿದ ಮಂಗಳಾರತಿಗೆ ಅಂಗಡಿಯವನು ಅದನ್ನು ತೆಪ್ಪಗೆ ದೊಡ್ಡ ಒಂಟಿ ತೊಟ್ಟಿಗೆ ಬಿಟ್ಟ.

ಹೊರಗೆ ಬಂದು ಅವಳು ಕಡ್ಡಿ ಮುರಿದಂತೆ ಹೇಳಿದಳು: "ಇನ್ಮೇಲೆ ಏನೇ ತರೋದಿದ್ರೂ ನನ್ನ ಕೇಳಿ ತನ್ನಿ."

"ಉಂಗುರ ಆದ್ರೂನಾ?"

ಅವಳು ದುರುಗುಟ್ಟಿ ನೋಡಿದಳು. ಅವನು ತಲೆ ತಗ್ಗಿಸಿದ.

"ಅದನ್ನಂತೂ ಕೇಳ್ಲೇಬೇಕು," ಎಂದು ಅವಳು ಎಡಗೈ ಮುಂದೆ ಚಾಚಿದಳು. "ಅಳತೆ ಗೊತ್ತೇನ್ರೀ ನಿಮಗೆ?"